ಗುಂಡ್ಲುಪೇಟೆಗೊಂದು ಪ್ರತಿ

ಮಕ್ಕಳಿಗಾಗಿ ನಾನು ಬರೆದ ಒಂದು ಚಿಕ್ಕ ಕಾದಂಬರಿಯು ಅಚ್ಚಾಗಿ ಕೈಸೇರಿದ ವಾರದಲ್ಲಿ, ಇಪ್ಪತ್ತು ವರ್ಷಗಳ ಹಿಂದೆ, ಗುಂಡ್ಲುಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಹತ್ತು ಪೊಟ್ಟಣಗಳನ್ನು ಕಟ್ಟಿದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಖಾಕಿ ಕಾಗದವನ್ನು ಪುಸ್ತಕದ ಅಳತೆಗೆ ಕತ್ತರಿಸಿ, ಎರಡು ತುದಿಗಳನ್ನೂ ತೆರೆದೇ ಬಿಟ್ಟು, ಒಳಗಿರುವುದು ಪುಸ್ತಕವಲ್ಲದೆ ಮತ್ತೇನೂ ಅಲ್ಲವೆಂಬುದು ಅಂಚೆಯವರ ಕಣ್ಣಿಗೆ ಕಾಣುವಂತೆ ಸುತ್ತಿ, ಉದ್ದಕ್ಕೂ ಅಡ್ಡಕ್ಕೂ ದಾರ ಬಿಗಿದು, ಮೇಲುಗಡೆ ‘ಬುಕ್ ಪೋಸ್ಟ್’ ಎಂದು ದಪ್ಪಕ್ಷರಗಳಲ್ಲಿ ಬರೆಯುವ ಆ ಕೆಲಸದಲ್ಲಿ ಒಂದು ಶ್ರದ್ಧೆಯಿರುತ್ತದೆ. ಪ್ರತಿಯೊಂದು ಪೊಟ್ಟಣದಲ್ಲಿಯೂ ಎರಡೆರಡು ಪ್ರತಿಗಳಿದ್ದುವು. ಮೊದಲ ಹಾಳೆಯ ಮೇಲೆ ‘ವಿಮರ್ಶೆಗಾಗಿ ಸಾದರಪೂರ್ವಕ’ ಎಂದು ಬರೆದು ರುಜು ಹಾಕಿದ್ದೆ. ಹತ್ತರಲ್ಲಿ ಏಳು ಬೆಂಗಳೂರಿಗೆ, ಎರಡು ಮೈಸೂರಿಗೆ, ಒಂದು ಧಾರವಾಡಕ್ಕೆ. ನಾನು ವಾಸವಾಗಿದ್ದ ಊರಿಗಾಗಲಿ, ನಮ್ಮ ಜಿಲ್ಲೆಯ ಮುಖ್ಯಪಟ್ಟಣವಾದ ಚಾಮರಾಜನಗರಕ್ಕಾಗಲಿ ಒಂದನ್ನೂ ಕಳುಹಿಸಬೇಕೆಂಬ ಆಲೋಚನೆಯೇ ಅಂದು ನನಗೆ ಹುಟ್ಟಲಿಲ್ಲವೆಂಬುದನ್ನು ಈಗ ನೆನೆದಾಗ ಮನಸ್ಸಿಗೆ ನೋವಾಗುತ್ತದೆ.

ಹೊಸ ಪುಸ್ತಕವನ್ನು ವಿಮರ್ಶೆಗೆ ಕಳುಹಿಸುವ ಪದ್ಧತಿಯು ಸಾಮಾನ್ಯ ವಾಚಕರಿಗೆ ಅಷ್ಟಾಗಿ ತಿಳಿದಿರುವುದಿಲ್ಲವಾದುದರಿಂದ, ಅದರ ಸ್ವರೂಪವನ್ನು ಮೊದಲು ಹೇಳುವುದು ಯುಕ್ತ. ಪುಸ್ತಕ ಹೊರಬಂದೊಡನೆ ಪ್ರಕಾಶಕನು, ಇಲ್ಲವೆ ಪ್ರಕಾಶನದ ಭಾರವನ್ನೂ ತಾನೇ ಹೊತ್ತ ಲೇಖಕನು, ಪತ್ರಿಕೆಯೊಂದಕ್ಕೆ ಸಾಮಾನ್ಯವಾಗಿ ಎರಡು ಪ್ರತಿಗಳನ್ನು ಉಚಿತವಾಗಿ ಕಳುಹಿಸುತ್ತಾನೆ: ಒಂದು ಕಚೇರಿಯಲ್ಲಿ ಉಳಿಯತಕ್ಕದ್ದು, ಇನ್ನೊಂದು ವಿಮರ್ಶಕನ ಕೈಗೆ ಹೋಗತಕ್ಕದ್ದು. ಬಂದ ಪುಸ್ತಕಗಳ ಹೆಸರು, ಲೇಖಕ, ಪ್ರಕಾಶಕ, ಪುಟಸಂಖ್ಯೆ ಮತ್ತು ಬೆಲೆಗಳನ್ನು ‘ಸಾದರ ಸ್ವೀಕಾರ’ ಎಂಬ ತಲೆಬರಹದ ಕೆಳಗೆ ಪ್ರಕಟಿಸುವುದು ನಮ್ಮ ಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದ ಸತ್ಸಂಪ್ರದಾಯ. ಅವುಗಳಲ್ಲಿ ಕೆಲವನ್ನು ಮಾತ್ರ ಸಂಪಾದಕನು ಆರಿಸಿ, ಆ ವಿಷಯದಲ್ಲಿ ಪರಿಶ್ರಮವುಳ್ಳ ಒಬ್ಬರಿಗೆ ಒಪ್ಪಿಸುತ್ತಾನೆ. ಅವರು ಓದಿ ಬರೆದದ್ದು ಸ್ಥಳಾವಕಾಶ ಒದಗಿದಾಗ ಅಚ್ಚಾಗುತ್ತದೆ. ಉಳಿದವುಗಳ ಆಯುಷ್ಯವು ‘ಸಾದರ ಸ್ವೀಕಾರ’ದ ಎರಡು ಸಾಲುಗಳಲ್ಲಿಯೇ ಮುಗಿಯುವುದುಂಟು.

ಈ ಪದ್ಧತಿಗೆ ನಮ್ಮ ನಾಡಿನಲ್ಲಿ ಗೌರವಾನ್ವಿತವಾದ ಚರಿತ್ರೆಯಿದೆ. 1916ರಿಂದ ಹೊರಬಂದ ಸಾಹಿತ್ಯ ಪರಿಷತ್ ಪತ್ರಿಕೆ, 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದ ಮೂಲಕ ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’, 1944ರಿಂದ 1965ರವರೆಗೆ ಮಾಸ್ತಿಯವರ ಸಂಪಾದಕತ್ವದಲ್ಲಿ ನಡೆದ ‘ಜೀವನ’, ಇವೆಲ್ಲವೂ ಹೊಸ ಕನ್ನಡ ವಾಙ್ಮಯವನ್ನು ಓದಬಲ್ಲ ಜನವನ್ನು ಸಿದ್ಧಪಡಿಸಿದ ಪತ್ರಿಕೆಗಳು. 1956ರಲ್ಲಿ ಹುಟ್ಟಿದ ‘ಕಸ್ತೂರಿ’ಯು ಪ್ರತಿ ತಿಂಗಳೂ ಒಂದು ಗ್ರಂಥದ ಸಂಗ್ರಹವನ್ನು ತನ್ನ ‘ಪುಸ್ತಕ ವಿಭಾಗ’ದಲ್ಲಿ ಕೊಡುತ್ತ ಬಂದು, ಪುಸ್ತಕದ ಅಂಗಡಿಯನ್ನೇ ಕಾಣದ ಊರುಗಳಿಗೂ ಪುಸ್ತಕದ ಸಾರವನ್ನು ಮುಟ್ಟಿಸಿತು. ಈ ಅನುಕೂಲಗಳು ಒದಗುವ ಮೊದಲು ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕವು ಓದುಗನಿರುವೆಡೆಗೆ ತಾನೇ ನಡೆದು ಹೋಗಬೇಕೆಂಬ ತತ್ತ್ವವನ್ನು ಅವರಂತೆ ಆಚರಿಸಿ ತೋರಿಸಿದವರು ವಿರಳ.

ಕಾನೂನಿನ ಪ್ರಕಾರ ಕಡ್ಡಾಯವಾಗಿ ಕಳುಹಿಸಬೇಕಾದ ಪ್ರತಿಗಳು ಬೇರೆ. ಅವುಗಳನ್ನು ವಿಮರ್ಶೆಯ ಪ್ರತಿಗಳೊಂದಿಗೆ ಬೆರೆಸಬಾರದು. 1954ರ ಕೇಂದ್ರ ಶಾಸನವು, ಪ್ರಕಟವಾದ ಮೂವತ್ತು ದಿನಗಳೊಳಗಾಗಿ ಪ್ರತಿಯೊಂದು ಪುಸ್ತಕವೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಇನ್ನು ಮೂರು ದೊಡ್ಡ ಗ್ರಂಥಾಲಯಗಳಿಗೆ ಸೇರತಕ್ಕದ್ದೆಂದು ವಿಧಿಸುತ್ತದೆ. ಅಲ್ಲಿ ಅದು ಕಾಲಾಂತರಕ್ಕಾಗಿ ಕಾಪಿಡಲ್ಪಡುತ್ತದೆ. ವಿಮರ್ಶೆಗೆ ಹೋಗುವ ಪ್ರತಿಯಾದರೋ ಇಂದಿನ ಓದುಗನಿಗಾಗಿ ಹೋಗುತ್ತದೆ. ಓದಲ್ಪಡದಿದ್ದರೆ ಅದು ಹೋದುದು ವ್ಯರ್ಥ.

ನನ್ನ ಹತ್ತು ಪೊಟ್ಟಣಗಳ ಫಲವೇನಾಯಿತೆಂದರೆ, ನಾಲ್ಕು ಪತ್ರಿಕೆಗಳಲ್ಲಿ ‘ಸಾದರ ಸ್ವೀಕಾರ’ ಬಂದಿತು. ಒಂದರಲ್ಲಿ ವಿಮರ್ಶೆಯೆಂಬ ಶೀರ್ಷಿಕೆಯಡಿ, ನಾನೇ ಬರೆಸಿ ಹಾಕಿಸಿದ್ದ ಬೆನ್ನುಡಿಯು ಒಂದೆರಡು ಶಬ್ದಗಳ ವ್ಯತ್ಯಾಸದಿಂದ ಅಚ್ಚಾಯಿತು. ಆ ಪತ್ರಿಕೆಯ ಹೆಸರು ಇಲ್ಲಿ ಅನವಶ್ಯಕ. ಆದರೆ ಬೆನ್ನುಡಿಯ ಜೊತೆಗೆ ಅಲ್ಲಿ ‘ಇದು ಎಂಟು ವರ್ಷದ ಮಕ್ಕಳಿಗೆ ಯೋಗ್ಯ’ ಎಂಬ ಒಂದು ವಾಕ್ಯವಿತ್ತು, ಅದು ಬೆನ್ನುಡಿಯಲ್ಲಿರಲಿಲ್ಲ. ಕಥೆಯ ಹದಿಮೂರನೆಯ ಅಧ್ಯಾಯದಲ್ಲಿ ಬಾಲಕನ ತಾಯಿ ತೀರಿಕೊಳ್ಳುತ್ತಾಳೆ, ಆ ಭಾಗವನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದವರು ಹನ್ನೆರಡು ದಾಟಿದ ಹುಡುಗರು. ಪುಸ್ತಕವನ್ನು ತೆರೆಯದೆ ಅದರ ಮೇಲೆ ವಯಸ್ಸನ್ನು ಬರೆದುಬಿಡುವುದೆಂದರೇನು, ಅದರಿಂದ ಆಗುವ ಅನರ್ಥವೆಷ್ಟು ಎಂಬ ಚಿಂತೆಯು ಅಂದು ನನ್ನಲ್ಲಿ ಬೇರೂರಿತು.

ಚಲನಚಿತ್ರಗಳಿಗಿರುವಂತೆ ಕಥೆ ಕಾದಂಬರಿಗಳಿಗೆ ನಮ್ಮ ದೇಶದಲ್ಲಿ ವಯಸ್ಸಿನ ಪ್ರಮಾಣಪತ್ರವಿಲ್ಲ. ಚಿತ್ರಗಳ ವಿಷಯದಲ್ಲಿ 2023ರ ತಿದ್ದುಪಡಿಯು ‘ಯುಎ’ ಎಂಬ ವರ್ಗವನ್ನು ಏಳು, ಹದಿಮೂರು, ಹದಿನಾರು ಎಂಬ ಮೂರು ಮೆಟ್ಟಿಲುಗಳಾಗಿ ಒಡೆಯಿತು. ಪುಸ್ತಕಗಳಿಗೆ ಸಂಬಂಧಿಸಿದಂತೆ ಇರುವುದು 1956ರ ಒಂದು ಶಾಸನ: ಅಪರಾಧ, ಹಿಂಸೆ, ಜುಗುಪ್ಸೆಗಳನ್ನೇ ಮುಖ್ಯವಾಗಿ ಚಿತ್ರಿಸಿ ಎಳೆಯರನ್ನು ಕೆಡಿಸಬಲ್ಲಂತಹ ಕಥೆಗಳ ಮಾರಾಟವನ್ನು ಅದು ದಂಡಾರ್ಹವೆಂದು ಮಾಡಿತು, ಆ ಶಾಸನದ ದೃಷ್ಟಿಯಲ್ಲಿ ಇಪ್ಪತ್ತು ವರ್ಷ ತುಂಬದವರೆಲ್ಲರೂ ಎಳೆಯರೇ. ಆರು ವರ್ಷದ ಕೂಸನ್ನೂ ಹತ್ತೊಂಬತ್ತರ ತರುಣನನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ಆ ವಿಭಾಗವು ದುಷ್ಟ ಪ್ರಕಟಣೆಯನ್ನು ತಡೆಯುವುದಕ್ಕೆ ಸಾಕಾದೀತು. ಒಳ್ಳೆಯ ಪುಸ್ತಕವನ್ನು ಆರಿಸುವುದಕ್ಕೆ ಅದರಿಂದ ನೆರವಿಲ್ಲ. ಕನ್ನಡದಲ್ಲಿ ಈ ಪ್ರಶ್ನೆಯು ಉಗ್ರವಾಗಿ ಎದ್ದದ್ದು 1950ರ ಆಸುಪಾಸಿನಲ್ಲಿ, ಅ.ನ. ಕೃಷ್ಣರಾಯರು ‘ನಗ್ನ ಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕಾದಂಬರಿಗಳಲ್ಲಿ ವೇಶ್ಯಾಜೀವನವನ್ನು ಕುರಿತು ಬರೆದಾಗ. ಅವು ಅಶ್ಲೀಲವೆಂಬ ಕೂಗೆದ್ದಿತು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥದಿಂದಲೇ ಉತ್ತರವಿತ್ತರು. ಆ ವಾಗ್ವಾದವೆಲ್ಲ ಬರೆಯಬಹುದೇ, ಬರೆಯಬಾರದೇ ಎಂಬುದರ ಸುತ್ತ ನಡೆಯಿತೇ ಹೊರತು, ಯಾವ ವಯಸ್ಸಿನವನ ಕೈಗೆ ಯಾವಾಗ ಕೊಡಬೇಕೆಂಬ ಸೌಮ್ಯವಾದ ಪ್ರಶ್ನೆಯು ಹಿಂದೆ ಸರಿಯಿತು.

ಇಂಗ್ಲೆಂಡಿನಲ್ಲಿ ಆ ಪ್ರಶ್ನೆಯೇ 2008ರಲ್ಲಿ ದೊಡ್ಡ ಕಲಹಕ್ಕೆ ಕಾರಣವಾಯಿತು. ಮಕ್ಕಳ ಪುಸ್ತಕಗಳ ರಕ್ಷಾಪುಟದ ಮೇಲೆ ಐದು, ಏಳು, ಒಂಬತ್ತು, ಹನ್ನೊಂದು, ಹದಿಮೂರು ಎಂಬ ಅಂಕಿಗಳನ್ನು ಅಚ್ಚುಹಾಕಬೇಕೆಂದು ಅಲ್ಲಿಯ ಪ್ರಕಾಶಕರು ನಿಶ್ಚಯಿಸಿದರು. ಉಡುಗೊರೆಗಾಗಿ ಪುಸ್ತಕ ಕೊಳ್ಳುವ ಅಜ್ಜ ಅಜ್ಜಿಯರಿಗೆ ಅದರಿಂದ ಅನುಕೂಲವೆಂಬುದು ಅವರ ವಾದ. ಫಿಲಿಪ್ ಪುಲ್ಮನ್ ಮೊದಲಾದ ಪ್ರಸಿದ್ಧ ಲೇಖಕರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ತಾವು ಯಾವ ಓದುಗನನ್ನೂ ಬಾಗಿಲಲ್ಲಿ ತಡೆಯುವುದಕ್ಕಾಗಿ ಬರೆದಿಲ್ಲವೆಂದೂ, ಓದಿನಲ್ಲಿ ಹಿಂದುಳಿದ ಹುಡುಗನು ತನಗಿಂತ ಕಿರಿಯರ ಅಂಕಿಯುಳ್ಳ ಪುಸ್ತಕವನ್ನು ಎಲ್ಲರೆದುರು ಹಿಡಿಯಲು ನಾಚುವನೆಂದೂ ಅವರ ಪಕ್ಷದವರು ಹೇಳಿದರು. ಎರಡು ಪಕ್ಷದಲ್ಲಿಯೂ ಸತ್ಯಾಂಶವುಂಟು. ಆದರೆ ಈ ಎರಡನೆಯ ಮಾತಿನ ತೂಕವನ್ನು ನಾನು ಅರಿತುಕೊಂಡದ್ದು ಪತ್ರಿಕೆಯ ವರದಿಯಿಂದಲ್ಲ; ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಕುಳಿತಿದ್ದ ಒಂದು ಸಂಜೆ.

ಅದನ್ನು ಹೇಳುವ ಮೊದಲು ಈ ಸೀಮೆಯ ಪರಿಚಯವನ್ನು ತುಸು ಮಾಡಿಕೊಡಬೇಕು. ಚಾಮರಾಜನಗರವು 1997ರವರೆಗೆ ಮೈಸೂರು ಜಿಲ್ಲೆಯ ಅಂಗವಾಗಿದ್ದ ಊರು. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ರೈಲಿಗೆ ಅದೇ ಕೊನೆಯ ನಿಲ್ದಾಣ. ಗುಂಡ್ಲುಪೇಟೆಗೆ ರೈಲೇ ಇಲ್ಲ. ಊಟಿಗೂ ಕೇರಳಕ್ಕೂ ಹೋಗುವ ಹೆದ್ದಾರಿಗಳು ಇಲ್ಲಿ ಕವಲೊಡೆಯುತ್ತವೆ, ವಾಹನಗಳು ಚೆಂಡುಮಲ್ಲಿಗೆಯ ಹೊಲಗಳನ್ನು ಹಾಯ್ದು ಬಂಡೀಪುರದ ಕಾಡಿನೊಳಕ್ಕೆ ನುಗ್ಗುತ್ತವೆ. ಕಥೆ ಕಾದಂಬರಿಗಳನ್ನು ಆರಿಸಿಕೊಳ್ಳಬೇಕೆಂದರೆ ನಮಗೆ ಮೈಸೂರೇ ಗತಿ. ಮೂರು ರಾಜ್ಯಗಳು ಕೂಡುವ ಈ ಗಡಿಯಲ್ಲಿ, ಶಾಲೆಯಲ್ಲಿ ಕನ್ನಡ ಓದುವ ಮಗುವಿನ ಮನೆಯಲ್ಲಿ ಸೋಲಿಗರ ನುಡಿಯೋ, ಕಾಡುಕುರುಬರ ನುಡಿಯೋ, ತಮಿಳೋ, ಮಲಯಾಳವೋ, ಉರ್ದುವೋ ಇರಬಹುದು. ಕನ್ನಡವೇ ಮನೆಮಾತಾದ ಮಗುವಿಗೂ ಅಚ್ಚಿನ ಕನ್ನಡವು ಅರ್ಧ ಪರಭಾಷೆ. ನಮ್ಮ ಮಾತಿನ ಧಾಟಿ ಅಷ್ಟು ಭಿನ್ನ. ನೆರೆಯ ನಂಜನಗೂಡು ಸೀಮೆಯ ದೇವನೂರ ಮಹಾದೇವರು 1984ರಲ್ಲಿ ಪ್ರಕಟಿಸಿದ ‘ಕುಸುಮಬಾಲೆ’ಯನ್ನು ಓದಲು ಇತರ ಪ್ರಾಂತಗಳ ವಿದ್ವಾಂಸರು ಬಹಳ ಪ್ರಯಾಸಪಟ್ಟರು, ಅದನ್ನು ಗಟ್ಟಿಯಾಗಿ ಓದಿದಾಗ ಇಲ್ಲಿಯ ಅನಕ್ಷರಸ್ಥ ಮುದುಕಿಯೂ ತಲೆದೂಗಬಲ್ಲಳು. ಪುಸ್ತಕದ ಕಷ್ಟ ಸುಲಭಗಳು ಓದುವವನ ಊರನ್ನೂ ಅವಲಂಬಿಸುತ್ತವೆಯೆಂಬುದಕ್ಕೆ, ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು 1990ರಲ್ಲಿ ಪಡೆದ ಆ ಕೃತಿಗಿಂತ ಉತ್ತಮ ನಿದರ್ಶನವನ್ನು ನಾನು ಕಾಣೆ.

ಇನ್ನು ಆ ಸಂಜೆಯ ವಿಷಯ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಮರುವರ್ಷ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತ ಮೇಲೆ, ಶಾಲೆ ಬಿಟ್ಟ ಹೊತ್ತಿನಲ್ಲಿ ಅಲ್ಲಿ ಮಕ್ಕಳ ಸದ್ದು ಕೇಳಿಬರುತ್ತಿರುವುದು ಸಂತೋಷದ ಸಂಗತಿ. ನಾನು ಹೋದ ಗ್ರಂಥಾಲಯವು ಒಂದೇ ಕೋಣೆಯದು. ಮೂರು ಕಬ್ಬಿಣದ ಬೀರುಗಳು, ಒಂದು ಉದ್ದನೆಯ ಮೇಜು, ಗೋಡೆಗೆ ಒಂದು ಭೂಪಟ. ಎಂಟನೆಯ ತರಗತಿಯ ಹುಡುಗನೊಬ್ಬನು, ಮೇಲ್ದುಟಿಯಲ್ಲಿ ಆಗತಾನೆ ಮೀಸೆಯ ನೆರಳು ಮೂಡುತ್ತಿದ್ದವನು, ಆನೆಯ ಚಿತ್ರವಿದ್ದ ಒಂದು ಕಥೆಪುಸ್ತಕವನ್ನು ಎತ್ತಿಕೊಂಡನು. ತುಟಿ ಅಲ್ಲಾಡಿಸುತ್ತ ಎರಡು ಪುಟ ಓದಿದನು. ಒತ್ತಕ್ಷರ ಬಂದಲ್ಲಿ ಬೆರಳಿಟ್ಟು ನಿಂತು ಮುಂದೆ ಸಾಗುತ್ತಿದ್ದನು. ಪುಸ್ತಕವನ್ನು ಮಗುಚಿದಾಗ ಹಿಂಬದಿಯಲ್ಲಿದ್ದ ‘6–8 ವರ್ಷ’ ಎಂಬ ಮುದ್ರೆ ಕಣ್ಣಿಗೆ ಬಿದ್ದಿತು. ಅವನು ಅದನ್ನು ಮೇಜಿನ ಮೇಲೆ ಸರಕ್ಕನೆ ಬಿಟ್ಟು, ಪಕ್ಕದವರು ನೋಡಿದರೇ ಎಂದು ತಿರುಗಿ ನೋಡಿದನು.

ನಾನು ಕರೆದು, ಯಾಕಪ್ಪ ಬಿಟ್ಟೆ ಎಂದೆ.

“ಇದು ಸಣ್ಣ ಐಕಳ್ದು ಸಾ, ನಂಗ ಬ್ಯಾಡ,” ಎಂದನು.

ಆನೆಯ ಕಥೆ ಅವನಿಗೆ ಬೇಕಾಗಿತ್ತು. ಆ ಪುಸ್ತಕದ ಕನ್ನಡವು ಅವನ ಶಕ್ತಿಗೆ ಸರಿಯಾಗಿತ್ತು. ಒಂದು ಅಂಕಿ ನಡುವೆ ಬಂದು ನಿಂತಿತು. ಗ್ರಂಥಾಲಯದ ಮೇಲ್ವಿಚಾರಕಿಯು ಇದನ್ನೆಲ್ಲ ತಮ್ಮ ಜಾಗದಿಂದಲೇ ನೋಡುತ್ತಿದ್ದರು. ಮಾತನಾಡದೆ ಎದ್ದು ಬಂದು ಪುಸ್ತಕವನ್ನು ಒಯ್ದು, ಮೇಜಿನ ಖಾನೆಯಿಂದ ಖಾಕಿ ಕಾಗದ ತೆಗೆದು, ಶಾಲೆಯ ಪುಸ್ತಕಕ್ಕೆ ಹಾಕುವಂತೆ ಅಚ್ಚುಕಟ್ಟಾಗಿ ಹೊದಿಕೆ ಹಾಕಿ, ಮೇಲೆ ಪುಸ್ತಕದ ಹೆಸರನ್ನಷ್ಟೇ ಬರೆದು, ಮರುದಿನದ ಲೆಕ್ಕಕ್ಕೆಂದು ಬದಿಗಿಟ್ಟರು. ಮುಂದಿನ ವಾರ ನಾನು ಹೋದಾಗ ಅದು ಎರವಲಿನಲ್ಲಿತ್ತು. ಯಾರು ತೆಗೆದುಕೊಂಡರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ; ಇಬ್ಬರಿಗೂ ಗೊತ್ತಿತ್ತು.

ಆ ಮೇಲ್ವಿಚಾರಕಿಯವರು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ನಾನು ಆಗ ಕಂಡೆ. ಹೊದಿಕೆಯ ಒಳಮಡಿಕೆಯಲ್ಲಿ, ಹುಡುಗರ ಕಣ್ಣಿಗೆ ಬೀಳದಂತೆ, ಸಣ್ಣಕ್ಷರಗಳಲ್ಲಿ ಪೆನ್ಸಿಲಿನಿಂದ ಎರಡು ಮೂರು ಸಾಲು ಬರೆದಿಡುತ್ತಿದ್ದರು. ಒಂದರಲ್ಲಿ ಹೀಗಿತ್ತು: ‘ಓದಿ ಹೇಳಿದರೆ ಎಲ್ಲರೂ ಕೇಳುತ್ತಾರೆ. ತಾನೇ ಓದಲು ಒತ್ತಕ್ಷರ ಚೆನ್ನಾಗಿ ಬರಬೇಕು. ಕೊನೆಯಲ್ಲಿ ನಾಯಿ ಸಾಯುತ್ತದೆ, ಮೊದಲೇ ಹೇಳುವುದು ಒಳ್ಳೆಯದು.’ ಇನ್ನೊಂದರಲ್ಲಿ: ‘ಏಳನೇ ಕ್ಲಾಸಿನ ಹುಡುಗಿಯರು ಸರದಿ ಹಚ್ಚಿ ಓದಿದರು. ಅಪ್ಪ ಕುಡಿದು ಹೊಡೆಯುವ ಭಾಗ ಇದೆ. ಅಂಥ ಮನೆಯ ಮಗು ಓದಿದರೆ ಜೊತೆಗಿರಬೇಕು.’ ನಾನು ಅನೇಕ ವರ್ಷಗಳಿಂದ ಪತ್ರಿಕೆಗಳಲ್ಲಿ ಮಕ್ಕಳ ಪುಸ್ತಕಗಳ ವಿಮರ್ಶೆಗಳನ್ನು ಓದಿದ್ದೇನೆ, ಕೆಲವನ್ನು ಬರೆದೂ ಇದ್ದೇನೆ. ಪೆನ್ಸಿಲಿನ ಆ ಸಾಲುಗಳಷ್ಟು ಉಪಯುಕ್ತವಾದುದನ್ನು ಓದಿದ್ದೂ ಇಲ್ಲ, ಬರೆದದ್ದೂ ಇಲ್ಲ.

ಯಾಕೆಂದರೆ ವಯಸ್ಸಿನ ಒಂದು ಅಂಕಿಯು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ: ಓದುವ ಶಕ್ತಿಯೊಂದು, ಅನುಭವದ ಪಾಕವೊಂದು. ಕನ್ನಡದ ಮಗುವು ಓದಿನ ಮೆಟ್ಟಿಲುಗಳನ್ನು ಏರುವುದು ಕಾಗುಣಿತದಿಂದ ಒತ್ತಕ್ಷರಕ್ಕೆ, ಒತ್ತಕ್ಷರದಿಂದ ಸಂಸ್ಕೃತ ಪದಗಳ ಸಂಯುಕ್ತಾಕ್ಷರಗಳಿಗೆ, ಅಲ್ಲಿಂದ ಉದ್ದವಾದ ವಾಕ್ಯಕ್ಕೆ. ಒಬ್ಬರು ಇದನ್ನು ಏಳನೆಯ ವರ್ಷದಲ್ಲಿ ದಾಟುತ್ತಾರೆ, ಮತ್ತೊಬ್ಬರು ಹದಿಮೂರರಲ್ಲಿಯೂ ನಡುಮೆಟ್ಟಿಲಲ್ಲಿರುತ್ತಾರೆ. ಆದರೆ ಆ ಹದಿಮೂರರ ಹುಡುಗನು ಜೀವನದಲ್ಲಿ ಕಂಡದ್ದು, ಅಂದರೆ ಹೊಲದ ಕೆಲಸ, ಸಾಲದ ಮಾತು, ಮನೆಯಲ್ಲೊಂದು ಸಾವು, ಏಳರ ಮಗುವಿಗೆ ತಿಳಿಯದಂಥದು. ಅವನಿಗೆ ಬೇಕಾದುದು ಸುಲಭವಾದ ಅಕ್ಷರದಲ್ಲಿ ಬೆಳೆದ ಮನಸ್ಸಿನ ಕಥೆ. ಬೆಂಗಳೂರಿನಲ್ಲಿ 2004ರಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆಯು ತನ್ನ ಕನ್ನಡ ಪುಸ್ತಕಗಳಿಗೂ ವಯಸ್ಸಿನ ಬದಲು ಓದಿನ ನಾಲ್ಕು ಹಂತಗಳನ್ನು ಇಟ್ಟಿರುವುದು ಈ ದೃಷ್ಟಿಯಿಂದ ವಿವೇಕಯುಕ್ತವಾದ ಕ್ರಮ. ಮೊದಲ ಹಂತದ ಕಥೆ 250 ಪದಗಳನ್ನು ಮೀರುವುದಿಲ್ಲ, ನಾಲ್ಕನೆಯದು 1500ಕ್ಕೂ ಮಿಕ್ಕಿರುತ್ತದೆ. ಅದಾದರೂ ಅಕ್ಷರದ ಭಾರವನ್ನು ಹೇಳೀತೇ ಹೊರತು ಕಥೆಯ ಭಾರವನ್ನು ಹೇಳಲಾರದು.

ಕಥೆಯ ಭಾರದ ವಿಷಯದಲ್ಲಿ ನಮ್ಮ ಸೀಮೆಗೆ ಪರಂಪರಾಗತವಾದ ಒಂದು ತಿಳಿವಳಿಕೆಯುಂಟು. ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುವಾಗ ಜಗಲಿಯ ಮೇಲೆ, ಅಂಗಳದಲ್ಲಿ, ತಾಯಂದಿರ ತೊಡೆಯ ಮೇಲೆ ಎಲ್ಲ ವಯಸ್ಸಿನವರೂ ಇರುತ್ತಾರೆ. ಆ ಕಾವ್ಯದ ಸಂಕಮ್ಮನ ಸಾಲಿನಲ್ಲಿ, ಬೇಟೆಗೂ ಜೇನಿಗೂ ಕಾಡಿಗೆ ಹೊರಟ ಗಂಡನು ಹೆಂಡತಿಯ ಶೀಲವನ್ನು ಶಂಕಿಸಿ ಬಲಗೈ ಭಾಷೆ ಕೊಡೆಂದು ಪೀಡಿಸಿ, ಅವಳು ಒಪ್ಪದಿರಲು ಘೋರವಾದ ಹಿಂಸೆಗೆ ಗುರಿಮಾಡಿ ಹೊರಟುಹೋಗುತ್ತಾನೆ. ಮಾದಪ್ಪನು ಬಂದು ಅವಳನ್ನು ಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳನ್ನು ಅನುಗ್ರಹಿಸುತ್ತಾನೆ. ಇದು ಯಾವ ಲೆಕ್ಕದಿಂದಲೂ ಎಳೆಯರ ಕಥೆಯಲ್ಲ. ಆದರೂ ಎಳೆಯರನ್ನು ಯಾರೂ ಎಬ್ಬಿಸಿ ಕಳುಹಿಸಲಿಲ್ಲ. ಕಿರಿಯರು ಕಂಸಾಳೆಯ ತಾಳಕ್ಕೂ ಹುಲಿಯ ವರ್ಣನೆಗೂ ಕಣ್ಣರಳಿಸಿ, ಸಂಕಮ್ಮನ ಕಷ್ಟ ಬರುವ ಹೊತ್ತಿಗೆ ನಿದ್ದೆಹೋಗುತ್ತಿದ್ದರು. ಸ್ವಲ್ಪ ಬೆಳೆದವರು ಎಚ್ಚರವಿದ್ದು ಕೇಳಿ, ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಮದುವೆಯಾದ ಹೆಣ್ಣುಮಕ್ಕಳು ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದೇ ಕಥೆಯಿಂದ ತಮ್ಮ ತಮ್ಮ ಪಾಲನ್ನು ಅವರು ಪಡೆಯುತ್ತಿದ್ದರು. ಅದು ಸಾಧ್ಯವಾದದ್ದು ಅಜ್ಜಿಯು ಪಕ್ಕದಲ್ಲಿದ್ದುದರಿಂದ. ಅಚ್ಚಿನ ಪುಸ್ತಕವನ್ನು ಮಗುವು ಒಂಟಿಯಾಗಿ ಓದುತ್ತದೆ. ಅಜ್ಜಿಯ ಸ್ಥಾನದಲ್ಲಿ ಯಾರನ್ನು ಇಡಬೇಕೆಂಬುದೇ ವಯಸ್ಸಿನ ಮುದ್ರೆಯ ಹಿಂದಿರುವ ನಿಜವಾದ ಪ್ರಶ್ನೆಯೆಂದು ನನಗೆ ತೋರುತ್ತದೆ.

ಲೇಖಕನ ಹೆಸರು ಆ ಸ್ಥಾನವನ್ನು ತುಂಬಲಾರದು. ಜಿ.ಪಿ. ರಾಜರತ್ನಂ ಅವರ ಹೆಸರಿನ ಮೊದಲಕ್ಷರಗಳು ‘ಗುಂಡ್ಲು ಪಂಡಿತ’ ಎಂಬುದರ ಸಂಕ್ಷೇಪ. ಗುಂಡ್ಲು ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಗುಂಡ್ಲು ಹೊಳೆಯ ದಡದ ನಮಗೆ ನೆಂಟರ ಹೆಸರು ಕೇಳಿದಂತಾಗುತ್ತದೆ. ಎಂ.ಎ. ಓದಿ ಬಂದು ಪುಟ್ಟ ಮಕ್ಕಳಿಗೆ ಪಾಠ ಹೇಳಲು ನಿಂತಾಗ, ಅವರಿಗೆ ಒಪ್ಪುವ ಪದ್ಯಗಳೇ ಇಲ್ಲದುದನ್ನು ಕಂಡು ತಾವೇ ಬರೆಯತೊಡಗಿದವರು ಅವರು. ‘ತುತ್ತೂರಿ’ ಹಾಗೆ ಹುಟ್ಟಿತು. ಅದೇ ಲೇಖನಿಯಿಂದ ಹೆಂಡಗುಡುಕನ ಬಾಯಲ್ಲಿ ಹಾಡಿಸಿದ ‘ರತ್ನನ ಪದಗಳು’ ಬಂದವು. ಬೌದ್ಧ ಜೈನ ವಾಙ್ಮಯವನ್ನು ಕುರಿತ ಪಾಂಡಿತ್ಯಪೂರ್ಣ ಗ್ರಂಥಗಳೂ ಬಂದವು. 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ನಾಡು ಕುಳ್ಳಿರಿಸಿದ್ದು ಈ ಮೂವರನ್ನೂ ಒಟ್ಟಿಗೆ. ರಾಜರತ್ನಂ ಎಂಬ ಹೆಸರನ್ನು ನೋಡಿ ಮಗುವಿಗೆ ಪುಸ್ತಕ ತರುವ ತಂದೆಗೆ ಯಾವ ರಾಜರತ್ನಂ ದೊರೆಯುವರೆಂದು ಮೊದಲೇ ಹೇಳುವವರು ಬೇಕು.

ವಿಷಯವನ್ನು ನೋಡಿ ವಯಸ್ಸನ್ನು ನಿರ್ಣಯಿಸುವುದೂ ಸಾಧ್ಯವಿಲ್ಲ. ಶರಾವತಿಯ ಅಣೆಕಟ್ಟಿನಿಂದ ಮುಳುಗಿದ ಊರುಗಳ ದುಃಖವನ್ನು ನಾ. ಡಿಸೋಜ ಅವರು ‘ಮುಳುಗಡೆ’ ಮತ್ತು ‘ದ್ವೀಪ’ಗಳಲ್ಲಿ ದೊಡ್ಡವರಿಗಾಗಿ ಬರೆದರು, ಅದೇ ದುಃಖವನ್ನು ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕೃತಿಯಲ್ಲಿ ಮಕ್ಕಳಿಗಾಗಿ ಬರೆದರು. ಅದಕ್ಕೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವು ಬಂದಿತು. ಮುಳುಗಡೆಯೆಂಬುದು ಮಕ್ಕಳಿಗೆ ತಕ್ಕ ವಸ್ತುವಲ್ಲವೆಂದು ಯಾರಾದರೂ ಮೊದಲೇ ಬೇಲಿ ಹಾಕಿದ್ದರೆ ಆ ಪುಸ್ತಕವು ಹುಟ್ಟುತ್ತಲೇ ಇರಲಿಲ್ಲ. ಇದಕ್ಕೆ ವಿಪರ್ಯಾಯವಾಗಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಮಕ್ಕಳ ಪುಸ್ತಕವೆಂದು ಯಾರೂ ಕರೆಯಲಿಲ್ಲ; ಆದರೂ ಹಾರುವ ಓತಿಯನ್ನು ಹುಡುಕಿಕೊಂಡು ಹೊರಟ ಆ ತಂಡದ ಹಿಂದೆ ಹದಿಮೂರು ಹದಿನಾಲ್ಕರ ಹುಡುಗರು ತಾವಾಗಿಯೇ ಹೋದರು. ಬಂಡೀಪುರದ ಅಂಚಿನಲ್ಲಿ ವಾಸಿಸುವ ನಮ್ಮ ಹುಡುಗರಿಗಂತೂ ಅದು ತಮ್ಮ ಮನೆಯ ಹಿತ್ತಿಲಿನ ಕಥೆಯಂತೆ ರುಚಿಸುವುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ.

ಹಾಗಾದರೆ ಅಂಕಿ ಬೇಡವೇ? ಪುಸ್ತಕದ ರಕ್ಷಾಪುಟದ ಮೇಲೆ, ಮಗುವಿನ ಕಣ್ಣೆದುರಿಗೆ, ಬೇಡವೆಂಬುದೇ ನನ್ನ ದೃಢವಾದ ಅಭಿಪ್ರಾಯ. ಆಯ್ದುಕೊಡುವ ಹಿರಿಯರಿಗೆ ಮಾತ್ರ ಸೂಚನೆಯು ಅತ್ಯಾವಶ್ಯಕ. ಅದು ಅಂಕಿಯಾಗಿರದೆ ಮಾತಾಗಿರಬೇಕು, ಮತ್ತು ಪುಸ್ತಕವನ್ನು ಕೊನೆಯವರೆಗೆ ಓದಿದವರ ಮಾತಾಗಿರಬೇಕು. ಆ ಮಾತನ್ನು ಪ್ರಕಾಶಕನು ಹೇಳಿದರೆ ಮಾರಾಟದ ಮಾತೆಂದು ಶಂಕೆ ಹುಟ್ಟುತ್ತದೆ. ಸರ್ಕಾರವು ಹೇಳಿದರೆ ಪ್ರತಿಬಂಧಕವಾಗಿ ಪರಿಣಮಿಸುತ್ತದೆ. ಉಳಿದವನು ವಿಮರ್ಶಕನೊಬ್ಬನೇ. ಅಕ್ಷರ ಎಷ್ಟು ಕಠಿನ, ಕಥೆಯಲ್ಲಿ ಎಂಥ ನೋವಿದೆ, ಗಟ್ಟಿಯಾಗಿ ಓದಿ ಹೇಳಲು ಹೇಗಿದೆ, ಎಂಥ ಮಗುವಿನ ಜೊತೆ ಹಿರಿಯರು ಕೂರಬೇಕು ಎಂಬ ನಾಲ್ಕು ಸಂಗತಿಗಳನ್ನು ಮಕ್ಕಳ ಪುಸ್ತಕದ ವಿಮರ್ಶೆಯು ಹೇಳದಿದ್ದರೆ, ಶೈಲಿಯನ್ನು ಕುರಿತ ಅದರ ಪ್ರಶಂಸೆಯಿಂದ ಯಾವ ತಾಯಿಗೂ ಪ್ರಯೋಜನವಿಲ್ಲ. ಇವುಗಳನ್ನು ಹೇಳಬಲ್ಲವರು ದಿನವೂ ಮಕ್ಕಳ ನಡುವೆ ಇರುವವರು: ಹಳ್ಳಿಯ ಶಾಲೆಯ ಉಪಾಧ್ಯಾಯರು, ಗ್ರಂಥಾಲಯದ ಮೇಲ್ವಿಚಾರಕರು. ನಾಡಿನಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳೇ ಐದು ಸಾವಿರಕ್ಕೂ ಮಿಕ್ಕಿವೆ. ಅವರಲ್ಲಿ ನೂರಕ್ಕೊಬ್ಬರು ಪೆನ್ಸಿಲು ಹಿಡಿದರೂ ಐವತ್ತು ಮಂದಿ ವಿಮರ್ಶಕರು ನಮಗೆ ದೊರೆತಂತಾಯಿತು.

ಅಂಚೆಯ ವೆಚ್ಚವು ಇದಕ್ಕೆ ಅಡ್ಡಿಯೆಂದು ಪ್ರಕಾಶಕ ಮಿತ್ರರು ಹೇಳುವುದುಂಟು. ಮುದ್ರಿತ ಪುಸ್ತಕಗಳಿಗೆ ದೀರ್ಘಕಾಲದಿಂದ ದೊರೆಯುತ್ತಿದ್ದ ಅಗ್ಗದ ನೋಂದಾಯಿತ ಅಂಚೆಯ ಸೌಲಭ್ಯವನ್ನು 2024ರ ಡಿಸೆಂಬರ್ 18ರಂದು ಹಠಾತ್ತಾಗಿ ನಿಲ್ಲಿಸಿದಾಗ ಆ ಆಕ್ಷೇಪಣೆಗೆ ಬಲವಿತ್ತು; ಚಿಕ್ಕ ಪ್ರಕಾಶಕರು ಅಂದು ನಿಜವಾಗಿಯೂ ದಿಕ್ಕುಗೆಟ್ಟರು. 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಎಂಬ ಹೊಸ ಸೇವೆಯು ಜಾರಿಗೆ ಬಂದಿದೆ. ತೆರಿಗೆಯನ್ನು ಬಿಟ್ಟು, 300 ಗ್ರಾಂ ತೂಗುವ ಪೊಟ್ಟಣಕ್ಕೆ 20 ರೂಪಾಯಿ; ಐದು ಕಿಲೋಗ್ರಾಮಿನದಕ್ಕೆ 100 ರೂಪಾಯಿ. ಮಕ್ಕಳ ಕಥೆಪುಸ್ತಕವೊಂದು 300 ಗ್ರಾಮಿಗಿಂತ ಹೆಚ್ಚು ತೂಗುವುದು ಅಪೂರ್ವ.

ಆದಕಾರಣ, ಪ್ರಕಾಶಕರಲ್ಲಿಯೂ ನನ್ನಂತೆ ಪಡಸಾಲೆಯಲ್ಲಿ ಕುಳಿತು ಪೊಟ್ಟಣ ಕಟ್ಟುವ ಲೇಖಕರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟು. ಪತ್ರಿಕೆಗಳಿಗೆ ಕಳುಹಿಸುವ ಪ್ರತಿಗಳನ್ನು ಕಳುಹಿಸಿರಿ. ಅವುಗಳ ಜೊತೆಗೆ ಇನ್ನೊಂದು ಪ್ರತಿಯನ್ನು ಗುಂಡ್ಲುಪೇಟೆಯಂಥ, ಚಾಮರಾಜನಗರದಂಥ ಊರಿನ ಒಂದು ಗ್ರಂಥಾಲಯಕ್ಕೋ ಶಾಲೆಗೋ ಕಳುಹಿಸಿ, ಓದಿ ನಾಲ್ಕು ಸಾಲು ಬರೆಯಬೇಕೆಂದು ಒಂದು ಕಾರ್ಡನ್ನು ಒಳಗಿಡಿರಿ. ಪತ್ರಿಕೆಗಳ ಸಂಪಾದಕರು ಅಂಥ ನಾಲ್ಕು ಸಾಲುಗಳಿಗೆ, ಬರೆದವರ ಊರಿನ ಹೆಸರಿನೊಂದಿಗೆ, ‘ಸಾದರ ಸ್ವೀಕಾರ’ದ ಪಕ್ಕದಲ್ಲಿ ಸ್ಥಳ ಕೊಡಲಿ. ನನ್ನ ಹಳೆಯ ಕಾದಂಬರಿಯ ಒಂದು ಪ್ರತಿಯನ್ನು ಕಳೆದ ತಿಂಗಳು ಆ ಮೇಲ್ವಿಚಾರಕಿಯವರಿಗೆ ನಾನೇ ಕೊಟ್ಟು ಬಂದೆ. ಅದಕ್ಕೀಗ ಖಾಕಿ ಹೊದಿಕೆ ಬಿದ್ದಿದೆ. ಒಳಮಡಿಕೆಯಲ್ಲಿ ಅವರು ಬರೆದಿರುವುದು ಇದು: ‘ಹದಿಮೂರನೆಯ ಅಧ್ಯಾಯವನ್ನು ತಾಯಿಯಿಲ್ಲದ ಮಕ್ಕಳಿಗೆ ನಾನೇ ಓದಿ ಹೇಳುವುದು.’